ಮೊಂಟೆವಿಡಿಯೋಗೆ ನಾಲ್ಕು ದಾರಿ: ಮೂರು ಸಲ ಹೋಗಿ ಬಂದ ಮೇಲೆ

ದಕ್ಷಿಣ ಅಮೆರಿಕದ ಉರುಗ್ವೆಗೆ ಹೋಗಬೇಕು ಅಂದ ತಕ್ಷಣ ಎಲ್ಲರೂ ಮೊದಲು ಟಿಕೆಟ್ ಬೆಲೆ ನೋಡುತ್ತಾರೆ. ನಾನೂ ಮೊದಲ ಸಲ ಅದನ್ನೇ ಮಾಡಿದ್ದು. ಮೂರು ಸಲ ಹೋಗಿ ಬಂದ ಮೇಲೆ ನನ್ನ ಲೆಕ್ಕ ಬದಲಾಗಿದೆ. ಈಗ ನಾನು ಮೊದಲು ಎಣಿಸುವುದು ಗಡಿಗಳನ್ನು. ದಾರಿಯಲ್ಲಿ ಎಷ್ಟು ದೇಶದ ಒಳಗೆ ಕಾಲಿಡಬೇಕು, ಎಷ್ಟು ಕಡೆ ಪಾಸ್‌ಪೋರ್ಟ್ ತೋರಿಸಬೇಕು, ಸೂಟ್‌ಕೇಸನ್ನು ಎಷ್ಟು ಸಲ ಇಳಿಸಿ ಮತ್ತೆ ಹತ್ತಿಸಬೇಕು. ಬೆಲೆ ಆಮೇಲೆ.

ನನ್ನ ತಮ್ಮ ಆ ದೇಶದ ರಾಜಧಾನಿ ಮೊಂಟೆವಿಡಿಯೋದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅಷ್ಟು ದೂರದ ಊರಲ್ಲಿ ನಮ್ಮವರು ಯಾರಿದ್ದಾರೆ ಅಂತ ಕೇಳುವವರಿಗೆ ಹೇಳುತ್ತೇನೆ, ಟಿಸಿಎಸ್ 2002ರಲ್ಲೇ ಅಲ್ಲಿ ತನ್ನ ಕೇಂದ್ರ ಶುರು ಮಾಡಿತ್ತು. ತಮ್ಮ ಬೇರೆ ಕಂಪನಿಯಲ್ಲಿದ್ದಾನೆ, ಆದರೆ ಸಂಜೆ ಹೊತ್ತು ಸಮುದ್ರದಂಡೆಯ ರಸ್ತೆಯಲ್ಲಿ ನಡೆಯುವಾಗ ಒಮ್ಮೊಮ್ಮೆ ತೆಲುಗು, ತಮಿಳು, ಕನ್ನಡ ಕಿವಿಗೆ ಬೀಳುತ್ತದೆ. ಮೊದಲ ಸಲ ಅಮ್ಮನ ಜೊತೆ ಹೋದೆ. ಎರಡನೇ ಸಲ ನಮ್ಮ ಯಜಮಾನರ ಜೊತೆ. ಮೂರನೇ ಸಲ ಒಬ್ಬಳೇ. ಮೂರು ಸಲವೂ ದಾರಿ ಬೇರೆ ಬೇರೆ ಆಯಿತು. ಕೆಲವು ನಾನಾಗಿ ಆರಿಸಿಕೊಂಡಿದ್ದು, ಒಂದು ಗಾಳಿ ಮಳೆಯಿಂದಾಗಿ ಬಂದದ್ದು.

ದೇಶದ ಅಳತೆ ಮೊದಲು ತಲೆಯಲ್ಲಿರಲಿ. ಉರುಗ್ವೆ ನಮ್ಮ ಕರ್ನಾಟಕಕ್ಕಿಂತ ಸ್ವಲ್ಪ ಚಿಕ್ಕದು. ನಮ್ಮದು ಸುಮಾರು 1.92 ಲಕ್ಷ ಚದರ ಕಿಲೋಮೀಟರ್, ಅವರದು 1.76 ಲಕ್ಷ. ಆದರೆ ಜನ ಸುಮಾರು 35 ಲಕ್ಷ ಮಾತ್ರ. ಇಡೀ ದೇಶದ ಜನರನ್ನು ಬೆಂಗಳೂರಿಗೆ ತಂದು ಬಿಟ್ಟರೂ ಗೊತ್ತಾಗುವುದಿಲ್ಲ. ದನಗಳು ಮಾತ್ರ ಒಬ್ಬೊಬ್ಬರಿಗೆ ಮೂರು ನಾಲ್ಕರಂತೆ ಇವೆ. ಜನ ಇಷ್ಟು ಕಡಿಮೆ ಇದ್ದ ಕಡೆ ವಿಮಾನಗಳೂ ಕಡಿಮೆ. ಅದಕ್ಕೇ ಪಕ್ಕದ ಅರ್ಜೆಂಟೀನಾದ ದೊಡ್ಡ ಊರಾದ ಬ್ಯೂನಸ್ ಐರಿಸ್ ಎಲ್ಲರ ಯೋಜನೆಯೊಳಗೂ ನುಗ್ಗುತ್ತದೆ. ಅಲ್ಲಿಗೆ ಟಿಕೆಟ್ ಅಗ್ಗ, ಅಲ್ಲಿಂದ ನದಿ ದಾಟಿದರೆ ಉರುಗ್ವೆ. ನಕ್ಷೆಯಲ್ಲಿ ಬೆರಳಿಟ್ಟು ನೋಡಿದರೆ ಎಷ್ಟು ಸುಲಭ ಅನ್ನಿಸುತ್ತದೆ, ಅಲ್ವಾ? ಅಲ್ಲಿಂದಲೇ ಲೆಕ್ಕ ಶುರು.

ದಾರಿ 1: ನೇರವಾಗಿ ಕರ್ರಾಸ್ಕೋ ವಿಮಾನ ನಿಲ್ದಾಣಕ್ಕೆ

ಅಮ್ಮನಿಗೆ ಆಗ ಅರವತ್ತೆಂಟು. ಮಂಡಿ ನೋವು. ಬೆಂಗಳೂರಿನಿಂದ ದುಬೈ, ದುಬೈಯಿಂದ ಸಾವೊ ಪಾಲೊ, ಅಲ್ಲಿಂದ ಮೊಂಟೆವಿಡಿಯೋ. ಮೂರೂ ಒಂದೇ ಟಿಕೆಟ್‌ನಲ್ಲಿ. ನಡುವಿನ ಹಾರಾಟ ಹದಿನೈದು ಗಂಟೆಯ ಹತ್ತಿರ, ಅದು ನಿಜಕ್ಕೂ ಉದ್ದ, ಅಮ್ಮ ಎರಡು ಗಂಟೆಗೊಮ್ಮೆ ಎದ್ದು ಹಿಂದಿನ ಅಡುಗೆ ಜಾಗದವರೆಗೂ ನಡೆದು ಬರುತ್ತಿದ್ದರು. ಆದರೆ ಬೆಂಗಳೂರಿನಲ್ಲಿ ಕೊಟ್ಟ ಸೂಟ್‌ಕೇಸನ್ನು ಮತ್ತೆ ನೋಡಿದ್ದು ಮೊಂಟೆವಿಡಿಯೋದಲ್ಲೇ.

"ಒಂದೇ ಟಿಕೆಟ್" ಅನ್ನುವುದನ್ನು ಒತ್ತಿ ಹೇಳುತ್ತಿದ್ದೇನೆ, ಕಾರಣ ಇದೆ. ಸಾವೊ ಪಾಲೊದಲ್ಲಿ ನಿಲ್ದಾಣದ ಒಳಗೇ ಒಂದು ವಿಮಾನದಿಂದ ಇನ್ನೊಂದಕ್ಕೆ ಹೋಗುವುದಾದರೆ ಬ್ರೆಜಿಲ್ ವೀಸಾ ಬೇಡ. ಎರಡು ಬೇರೆ ಬೇರೆ ಟಿಕೆಟ್ ಕೊಂಡು, ಲಗೇಜು ಹೊರಗೆ ಬಂದು ತೆಗೆದುಕೊಂಡು ಮತ್ತೆ ಕೊಡಬೇಕಾಗಿ ಬಂದರೆ, ನೀವು ಬ್ರೆಜಿಲ್ ಒಳಗೆ ಹೋದಂತೆ. ಆಗ ವೀಸಾ ಬೇಕೇ ಬೇಕು. ಹುಡುಕಾಟದಲ್ಲಿ ಕಾಣುವ ಅತಿ ಅಗ್ಗದ ಟಿಕೆಟ್‌ಗಳಲ್ಲಿ ಎಷ್ಟೋ ಸಲ ಇಂಥ ತುಂಡು ಟಿಕೆಟ್‌ಗಳೇ ಇರುತ್ತವೆ. ಇಪ್ಪತ್ತು ಸಾವಿರ ಉಳಿಯಿತು ಅಂತ ಖುಷಿಪಟ್ಟು, ಚೆಕ್-ಇನ್ ಕೌಂಟರ್‌ನಲ್ಲಿ ವಾಪಸ್ ಕಳಿಸಿಕೊಂಡವರೊಬ್ಬರನ್ನು ನಾನೇ ನೋಡಿದ್ದೇನೆ. ತುಂಬಾ ಬೇಸರವಾಯಿತು.

ಕರ್ರಾಸ್ಕೋ ನಿಲ್ದಾಣ ಚಿಕ್ಕದು, ಚೊಕ್ಕವಾಗಿದೆ. ಹೊಸ ಕಟ್ಟಡ 2009ರದ್ದು, ಉರುಗ್ವೆಯಲ್ಲೇ ಹುಟ್ಟಿದ ರಫಾಯೆಲ್ ವಿನ್ಯೋಲಿ ಅನ್ನುವ ವಾಸ್ತುಶಿಲ್ಪಿ ಮಾಡಿದ್ದು. ಹೊರಗಿಂದ ನೋಡಿದರೆ ಬಿಳಿಯ ಬಟ್ಟೆಯನ್ನು ಗಾಳಿಯಲ್ಲಿ ಬೀಸಿ ನೆಲಕ್ಕೆ ಇಳಿಯುವ ಮುಂಚೆಯೇ ಹಿಡಿದಿಟ್ಟ ಹಾಗೆ, ಒಂದೇ ಉದ್ದನೆಯ ಬಾಗಿದ ಚಾವಣಿ. ಇಳಿದ ಮೇಲೆ ಮುಕ್ಕಾಲು ಗಂಟೆಯೊಳಗೆ ಹೊರಗಿದ್ದೆವು. ಅದರಲ್ಲೂ ಅರ್ಧ ಹೊತ್ತು ಅಮ್ಮನ ಚೀಲದ ಪಂಚಾಯ್ತಿ. ಅದು ದನಕರುಗಳನ್ನು, ಬೆಳೆಯನ್ನು ನಂಬಿದ ದೇಶ. ಹಣ್ಣು, ಸೊಪ್ಪು, ಮಾಂಸ, ಹಾಲಿನ ಪದಾರ್ಥ ಒಳಗೆ ಬಾರದ ಹಾಗೆ ಬಂದವರ ಚೀಲವನ್ನೆಲ್ಲ ಎಕ್ಸ್‌ರೇಯಲ್ಲಿ ನೋಡುತ್ತಾರೆ. ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದ ಕರಿಬೇವಿನ ಕಟ್ಟು ಹೋಯಿತು. ಚಟ್ನಿಪುಡಿ, ಸಾರಿನ ಪುಡಿ ಎರಡನ್ನೂ ಬಿಟ್ಟರು. "ಒಣಗಿದ್ದು ತಂದ್ರೆ ಏನೂ ಅನ್ನಲ್ಲ, ಹಸಿದು ತರಬೇಡಿ ಅಂತ ಫೋನಲ್ಲೇ ಹೇಳಿದ್ನಲ್ಲಮ್ಮಾ" ಅಂದ ತಮ್ಮ.

ನಿಲ್ದಾಣದಿಂದ ನಗರದ ನಡುಭಾಗಕ್ಕೆ ಸುಮಾರು 20 ಕಿಲೋಮೀಟರ್. ಟ್ಯಾಕ್ಸಿ, ಊಬರ್ ಎರಡೂ ಇವೆ. ಬಸ್ಸೂ ಇದೆ. ಇನ್ನೊಂದು ಒಳ್ಳೆಯ ಸಂಗತಿ ಇದೆ: ಪುಂತಾ ದೆಲ್ ಎಸ್ತೆ ಕಡೆಗೆ ಹೋಗುವ ದೂರದ ಬಸ್ಸುಗಳು ಈ ನಿಲ್ದಾಣದಲ್ಲೇ ನಿಂತು ಹೋಗುತ್ತವೆ. ಕಡಲತೀರಕ್ಕೇ ಹೋಗುವವರು ನಗರದೊಳಗೆ ಹೋಗಿ ಮತ್ತೆ ಇದೇ ರಸ್ತೆಯಲ್ಲಿ ವಾಪಸ್ ಬರಬೇಕಿಲ್ಲ.

ಮ್ಯಾಡ್ರಿಡ್‌ನಿಂದಲೂ ಮೊಂಟೆವಿಡಿಯೋಗೆ ನೇರ ವಿಮಾನ ಇದೆ. ಆದರೆ ಸ್ಪೇನಿನಲ್ಲಿ ವಿಮಾನ ಬದಲಿಸುವ ಭಾರತೀಯರಿಗೆ ಟ್ರಾನ್ಸಿಟ್ ವೀಸಾ ಬೇಕು. ಆ ದಾರಿಯಲ್ಲಿ ನಾನು ಹೋಗಿಲ್ಲ, ಅದಕ್ಕೇ ಇಷ್ಟಕ್ಕೇ ಬಿಡುತ್ತೇನೆ.

ದಾರಿ 2: ಬ್ಯೂನಸ್ ಐರಿಸ್‌ನಿಂದ ಕೊಲೋನಿಯಾಕ್ಕೆ ಫೆರಿ, ಅಲ್ಲಿಂದ ಬಸ್ಸು

ಎರಡನೇ ಸಲ ನಾವಿಬ್ಬರೂ ದೋಹಾ ಮೇಲೆ ಬ್ಯೂನಸ್ ಐರಿಸ್‌ಗೆ ಹೋದೆವು. ಎರಡು ರಾತ್ರಿ ಅಲ್ಲಿದ್ದು, ಮೂರನೇ ದಿನ ಬೆಳಿಗ್ಗೆ ಬಂದರಿಗೆ ಹೋದೆವು. ಈ ದಾರಿ ನನಗೆ ತುಂಬಾ ಇಷ್ಟವಾಯಿತು. ಏನು ಇಷ್ಟವಾಯಿತು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನದಿಯ ಹೆಸರು ರಿಯೊ ದೆ ಲಾ ಪ್ಲಾತಾ, ಅಂದರೆ ಬೆಳ್ಳಿಯ ನದಿ. ನೀರಿನ ಬಣ್ಣ ಮಾತ್ರ ಮಳೆಗಾಲದ ತುಂಗಭದ್ರೆಯದೇ. ಕೆಂಪು ಮಣ್ಣು ಕಲಸಿದ ಹಾಗೆ. ಆಚೆ ದಡ ಕಾಣುವುದಿಲ್ಲ. ಬ್ಯೂನಸ್ ಐರಿಸ್‌ನಿಂದ ಆಚೆ ದಡದ ಉರುಗ್ವೆ ಊರು ಕೊಲೋನಿಯಾ ಸುಮಾರು 50 ಕಿಲೋಮೀಟರ್ ದೂರ, ಮುಂದೆ ಸಮುದ್ರ ಸೇರುವ ಜಾಗದಲ್ಲಿ ಈ ನದಿ 200 ಕಿಲೋಮೀಟರಿಗಿಂತ ಜಾಸ್ತಿ ಅಗಲ. ವೇಗದ ಫೆರಿಯಲ್ಲಿ ಕೊಲೋನಿಯಾಕ್ಕೆ ಒಂದೂಕಾಲು ಗಂಟೆ. ಬೂಕೆಬೂಸ್, ಕೊಲೋನಿಯಾ ಎಕ್ಸ್‌ಪ್ರೆಸ್ ಅಂತ ಕಂಪನಿಗಳಿವೆ. ಎರಡರ ಬಂದರು ಕಟ್ಟಡ ಬೇರೆ ಬೇರೆ ಜಾಗದಲ್ಲಿವೆ, ಟ್ಯಾಕ್ಸಿಯವರಿಗೆ ಸುಮ್ನೆ "ಫೆರಿ" ಅಂದರೆ ಸಾಲದು, ಟಿಕೆಟ್ ತೋರಿಸಿ.

ತುಂಬಾ ಹಿಡಿಸಿದ ವಿಷಯ ಅಂದರೆ, ಅರ್ಜೆಂಟೀನಾ ಬಿಡುವ ಮುದ್ರೆ, ಉರುಗ್ವೆ ಸೇರುವ ಮುದ್ರೆ ಎರಡನ್ನೂ ಬ್ಯೂನಸ್ ಐರಿಸ್ ಬಂದರಿನಲ್ಲೇ ಹಾಕಿಬಿಡುತ್ತಾರೆ. ಆ ಕೌಂಟರ್, ಈ ಕೌಂಟರ್, ಅಕ್ಕಪಕ್ಕ. ಆಚೆ ದಡದಲ್ಲಿ ಇಳಿದ ಮೇಲೆ ಚೀಲದ ತಪಾಸಣೆ ಮುಗಿಸಿ ನಡೆದುಕೊಂಡು ಹೊರಗೆ. ಬಸ್ ನಿಲ್ದಾಣ ಬಂದರಿನ ಪಕ್ಕದಲ್ಲೇ ಇದೆ. ನಾವು ಲಗೇಜನ್ನು ಅಲ್ಲೇ ಇಡುವ ಜಾಗದಲ್ಲಿ ಕೊಟ್ಟು, ಮಧ್ಯಾಹ್ನದವರೆಗೂ ಹಳೇ ಊರು ಸುತ್ತಿದೆವು.

ಕೊಲೋನಿಯಾ ದೆಲ್ ಸಾಕ್ರಮೆಂತೋ ಊರನ್ನು 1680ರಲ್ಲಿ ಪೋರ್ಚುಗೀಸರು ಕಟ್ಟಿದ್ದು. ಆಮೇಲೆ ಸ್ಪೇನಿನವರೂ ಇವರೂ ಅದಕ್ಕಾಗಿ ನೂರು ವರ್ಷ ಕಿತ್ತಾಡಿದರು. ಅದಕ್ಕೇ ಕೆಲವು ಬೀದಿಗಳಲ್ಲಿ ಮಳೆ ನೀರು ರಸ್ತೆಯ ನಡುವಿನ ಕಾಲುವೆಯಲ್ಲಿ ಹರಿಯುತ್ತದೆ, ಅದು ಪೋರ್ಚುಗೀಸರ ರೀತಿ. 1995ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಉರುಟು ಕಲ್ಲು ಹಾಸಿದ ಬೀದಿ, ಗೋಡೆ ತುಂಬಾ ಬುಗನ್‌ವಿಲ್ಲ. ಚಕ್ರದ ಸೂಟ್‌ಕೇಸ್ ಎಳೆದುಕೊಂಡು ಹೋದರೆ ಚಕ್ರ ಉಳಿಯುವುದಿಲ್ಲ. ಅಲ್ಲೇ ಒಂದು ಅಂಗಡಿಯಲ್ಲಿ ಮೊದಲ ಸಲ ಫಾಯಿನಾ ತಿಂದೆ. ಕಡಲೆಹಿಟ್ಟನ್ನು ನೀರು, ಎಣ್ಣೆ ಹಾಕಿ ಕಲಸಿ, ತಟ್ಟೆಯಲ್ಲಿ ಹುಯ್ದು ಬಿಸಿ ಒಲೆಯೊಳಗೆ ಬೇಯಿಸಿದ್ದು, ಮೇಲೆ ಮೆಣಸಿನ ಪುಡಿ. ದನದ ಮಾಂಸವೇ ಊಟವಾಗಿರುವ ದೇಶದಲ್ಲಿ ನಮ್ಮಂಥ ಸಸ್ಯಾಹಾರಿಗಳಿಗೆ ಆ ಹೆಸರು ಗೊತ್ತಿದ್ದರೆ ಹೊಟ್ಟೆ ತುಂಬುತ್ತದೆ. ಪಿಜ್ಜಾ ಮಾರುವ ಅಂಗಡಿಗಳಲ್ಲಿ ಕೇಳಿ.

ಕೊಲೋನಿಯಾದಿಂದ ಮೊಂಟೆವಿಡಿಯೋ ಸುಮಾರು 180 ಕಿಲೋಮೀಟರ್. ಬಸ್ಸಿನಲ್ಲಿ ಎರಡೂವರೆಯಿಂದ ಎರಡೂಮುಕ್ಕಾಲು ಗಂಟೆ. ದಿನವಿಡೀ ಬಸ್ಸುಗಳಿವೆ. ಊರು ಬಿಟ್ಟ ಮೇಲೆ ರಸ್ತೆಯ ಎರಡೂ ಕಡೆ ಸಾಲು ಸಾಲು ತಾಳೆ ಮರ. ಆಮೇಲೆ ಬರೀ ಹುಲ್ಲು, ಹಸು, ಆಕಾಶ.

ಬೆಳಿಗ್ಗೆ ಎಂಟಕ್ಕೆ ಹೊರಟವರು ಸಂಜೆ ಆರಕ್ಕೆ ತಮ್ಮನ ಮನೆಯಲ್ಲಿದ್ದೆವು. ಗಂಟೆ ಲೆಕ್ಕ ಹಾಕಿದರೆ ಇದೇ ಬಹಳ ನಿಧಾನ. ಆದರೂ ಒಂದು ದೇಶದೊಳಗೆ ಮೆಲ್ಲಗೆ ಕಾಲಿಡುವುದು ಅಂದರೆ ಏನು ಅಂತ ಇಲ್ಲಿ ಗೊತ್ತಾಯಿತು. ನೀರು, ಬಂದರು, ಹಳೇ ಊರು, ಹುಲ್ಲುಗಾವಲು, ರಾಜಧಾನಿ. ಒಂದಾದ ಮೇಲೆ ಒಂದು ಕಣ್ಣ ಮುಂದೆ ಬರುತ್ತದೆ.

ದಾರಿ 3: ಮೊಂಟೆವಿಡಿಯೋಗೇ ನೇರವಾಗಿ ಹೋಗುವ ಫೆರಿ

ವಾಪಸ್ ಬರುವಾಗ ಬಸ್ಸು ಬಿಟ್ಟು, ಮೊಂಟೆವಿಡಿಯೋ ಬಂದರಿನಿಂದಲೇ ಬ್ಯೂನಸ್ ಐರಿಸ್‌ಗೆ ಫೆರಿ ಹಿಡಿದೆವು. ಫ್ರಾನ್ಸಿಸ್ಕೊ ಅನ್ನುವ ಹಡಗು, ಪೋಪ್ ಫ್ರಾನ್ಸಿಸ್ ಹೆಸರು ಇಟ್ಟಿದ್ದಾರೆ, ಅವರು ಬ್ಯೂನಸ್ ಐರಿಸ್‌ನವರೇ ತಾನೆ. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಕಟ್ಟಿದ್ದು. ಪರೀಕ್ಷೆ ಮಾಡುವಾಗ ಗಂಟೆಗೆ 100 ಕಿಲೋಮೀಟರಿಗಿಂತ ಜಾಸ್ತಿ ವೇಗ ಮುಟ್ಟಿತ್ತು. ಎರಡೂಕಾಲು ಗಂಟೆಯಲ್ಲಿ ಆಚೆ ದಡ.

ವೇಗ ಚೆನ್ನಾಗಿದೆ, ಆಸನ ಚೆನ್ನಾಗಿದೆ. ಆದರೆ ಹೊರಗೆ ನಿಂತು ಗಾಳಿ ಕುಡಿಯುವ ಆಸೆ ಇದ್ದರೆ ಬಿಡಿ, ಒಳಗೇ ಕೂರಬೇಕು. ನಡುವೆ ದೊಡ್ಡದೊಂದು ತೆರಿಗೆಯಿಲ್ಲದ ಅಂಗಡಿ, ಜನವೆಲ್ಲ ಅಲ್ಲೇ. ದರ ಕೊಲೋನಿಯಾ ದಾರಿಗಿಂತ ಬಹಳ ಜಾಸ್ತಿ. ನಾವು ಕೊಂಡ ದಿನ ಫೆರಿ, ಬಸ್ಸು ಎರಡೂ ಸೇರಿಸಿದ ಟಿಕೆಟ್ಟಿಗಿಂತ ಇದು ಹತ್ತಿರ ಹತ್ತಿರ ಎರಡು ಪಟ್ಟಿತ್ತು. ವಾರಗಟ್ಟಲೆ ಮುಂಚೆ ಕೊಂಡರೆ ಎರಡೂ ಇಳಿಯುತ್ತವೆ. ಹಿಂದಿನ ದಿನ ಕೊಳ್ಳಲು ಹೋದರೆ ಕೈ ಸುಡುತ್ತದೆ. ಅಂದೇ ರಾತ್ರಿ ಬ್ಯೂನಸ್ ಐರಿಸ್‌ನಿಂದ ವಿಮಾನ ಇರುವವರಿಗೆ, ಲಗೇಜು ಹೆಚ್ಚಿರುವವರಿಗೆ ಇದು ಸರಿ. ಸುಮ್ನೆ ಪ್ರವಾಸಕ್ಕೆ ಬಂದವರಿಗೆ ನಾನು ಇದನ್ನು ಹೇಳುವುದಿಲ್ಲ.

ದಾರಿ 4: ರಾತ್ರಿ ಬಸ್ಸು

ಮೂರನೇ ಸಲ ಒಬ್ಬಳೇ ಹೋದಾಗಲೂ ಕೊಲೋನಿಯಾ ಫೆರಿಗೇ ಟಿಕೆಟ್ ಮಾಡಿಸಿದ್ದೆ. ಆಗಸ್ಟ್ ತಿಂಗಳು, ಅಲ್ಲಿ ಚಳಿಗಾಲ. ಆಗ್ನೇಯದಿಂದ ಬೀಸುವ ಗಾಳಿ ಮಳೆಗೆ ಅಲ್ಲಿ ಸುದೆಸ್ತಾದಾ ಅನ್ನುತ್ತಾರೆ. ಅದು ಬಂದರೆ ನದಿ ಉಕ್ಕಿ ದಡಕ್ಕೆ ಬರುತ್ತದೆ, ಫೆರಿಗಳು ನಿಲ್ಲುತ್ತವೆ. ಬೆಳಿಗ್ಗೆ ಬಂದರಿಗೆ ಹೋದರೆ ಎಲ್ಲ ರದ್ದು. ಗಾಳಿಗೆ ಯಾರೇನು ಮಾಡೋಕಾಗುತ್ತೆ? ಆದರೆ ನಾನು ಟಿಕೆಟ್ ಕೊಂಡಿದ್ದ ಏಜೆನ್ಸಿ ಒಂದು ಸಂದೇಶವನ್ನೂ ಕಳಿಸಿರಲಿಲ್ಲ, ಹಣ ವಾಪಸ್ ಬರಲು ಎರಡು ತಿಂಗಳು ಹಿಡಿಯಿತು. ಅಂದಿನಿಂದ ಫೆರಿ ಟಿಕೆಟ್ಟನ್ನು ಫೆರಿಯವರ ಹತ್ತಿರವೇ ಕೊಳ್ಳುತ್ತೇನೆ, ನಡುವೆ ಯಾರನ್ನೂ ಇಟ್ಟುಕೊಳ್ಳುವುದಿಲ್ಲ.

ತಮ್ಮ ಫೋನಲ್ಲಿ, "ಅಕ್ಕಾ, ನಾಳೆವರೆಗೂ ಕಾಯ್ಬೇಡ, ರೆತೀರೋಗೆ ಹೋಗು, ರಾತ್ರಿ ಬಸ್ಸಿದೆ" ಅಂದ. ರೆತೀರೋ ಬ್ಯೂನಸ್ ಐರಿಸ್‌ನ ದೊಡ್ಡ ಬಸ್ ನಿಲ್ದಾಣ. ನಮ್ಮ ಮೆಜೆಸ್ಟಿಕ್ ಇದ್ದ ಹಾಗೆ, ಚೀಲ ಕಾಲ ಮಧ್ಯೆ ಇಟ್ಟುಕೊಂಡೇ ನಿಲ್ಲಬೇಕು. ರಾತ್ರಿ ಹತ್ತರ ಸುಮಾರಿಗೆ ಹೊರಟಿತು. ಬೆನ್ನು ಹಿಂದಕ್ಕೆ ಚೆನ್ನಾಗಿ ಬಾಗುವ ಸೀಟು, ಕಂಬಳಿ, ಒಂದು ತಿಂಡಿ ಪೊಟ್ಟಣ.

ಬಸ್ಸು ನದಿಯ ಅಗಲವನ್ನು ತಪ್ಪಿಸಿಕೊಂಡು ಉತ್ತರಕ್ಕೆ ಹೋಗಿ, ಉರುಗ್ವೆ ನದಿಯ ಮೇಲಿನ ಸೇತುವೆ ದಾಟಿ ಫ್ರಾಯ್ ಬೆಂತೋಸ್ ಹತ್ತಿರ ಒಳಗೆ ಬರುತ್ತದೆ. ಇದೇ ಸೇತುವೆಯ ರಸ್ತೆಯನ್ನು ಆಚೆ ಬದಿಯ ಗ್ವಾಲೆಗ್ವಾಯ್ಚು ಊರಿನವರು, ಕಾಗದದ ತಿರುಳಿನ ಕಾರ್ಖಾನೆ ನದಿ ಕೆಡಿಸುತ್ತದೆ ಅಂತ 2010ರವರೆಗೂ ವರ್ಷಗಟ್ಟಲೆ ತಡೆದಿದ್ದರು. ಆಗಿನ ಕಾಲದವರಿಗೆ ಈ ದಾರಿಯೇ ಇರಲಿಲ್ಲ. ನಾವು ದಾಟುವಾಗ ನಡುರಾತ್ರಿ ಮೀರಿತ್ತು. ಬಸ್ಸಿನ ಸಹಾಯಕ ಎಲ್ಲರ ಗುರುತಿನ ಚೀಟಿ ಒಟ್ಟುಗೂಡಿಸಿಕೊಂಡು ಹೋದ. ಸ್ವಲ್ಪ ಹೊತ್ತಿಗೆ ಬಂದು ನನ್ನೊಬ್ಬಳನ್ನೇ ಕರೆದ. ಅಲ್ಲಿ ದಿನಾ ದಾಟುವವರು ಅರ್ಜೆಂಟೀನಾ, ಉರುಗ್ವೆ, ಬ್ರೆಜಿಲ್ ಜನ. ಭಾರತದ ಪಾಸ್‌ಪೋರ್ಟ್ ಬಂದರೆ ವೀಸಾ ಪುಟ ಹುಡುಕಿ, ಮೇಲಿನವರನ್ನು ಕೇಳಿ, ಕಂಪ್ಯೂಟರಿನಲ್ಲಿ ಬರೆದು ಮುಗಿಸಬೇಕು. ಇಪ್ಪತ್ತೈದು ನಿಮಿಷ ಆ ಚಳಿಯಲ್ಲಿ ನಿಂತಿದ್ದೆ, ಬಸ್ಸು ಬಿಟ್ಟುಹೋಗುತ್ತದೇನೋ ಅಂತ ಭಯ. ಬಿಟ್ಟು ಹೋಗಲಿಲ್ಲ. ಆ ಸಹಾಯಕ ನನ್ನ ಜೊತೆಗೇ ನಿಂತಿದ್ದ. ಬೆಳಿಗ್ಗೆ ಏಳಕ್ಕೆ ಮೊಂಟೆವಿಡಿಯೋ.

ಒಂದು ರಾತ್ರಿಯ ಹೋಟೆಲ್ ಖರ್ಚು ಉಳಿಯುತ್ತದೆ, ದರವೂ ಕಡಿಮೆ, ಗಾಳಿಗೆ ಹೆದರುವುದಿಲ್ಲ. ಇಪ್ಪತ್ತೈದು ವಯಸ್ಸಿನವರಿಗೆ ಒಳ್ಳೆಯದು. ಅಮ್ಮನನ್ನು ಈ ದಾರಿಯಲ್ಲಿ ಖಂಡಿತ ಕರೆದುಕೊಂಡು ಹೋಗುವುದಿಲ್ಲ.

ಅದೇ ಸಲ ವಾಪಸ್ ಬರುವಾಗ ಕರ್ರಾಸ್ಕೋದಿಂದ ಬ್ಯೂನಸ್ ಐರಿಸ್‌ನ ಏರೊಪಾರ್ಕೆಗೆ ಪುಟ್ಟ ವಿಮಾನ ಹಿಡಿದೆ. ಗಾಳಿಯಲ್ಲಿ ಇರುವುದು ಮುಕ್ಕಾಲು ಗಂಟೆ. ಕೇಳಲು ಚೆನ್ನ. ಆದರೆ ಏರೊಪಾರ್ಕೆ ನಗರದೊಳಗಿದೆ, ದೂರದ ವಿಮಾನಗಳು ಹೊರಡುವ ಎಸೇಸಾ ನಗರದ ಇನ್ನೊಂದು ತುದಿಗೆ. ಎರಡರ ನಡುವೆ ರಸ್ತೆಯಲ್ಲಿ ಒಂದೂವರೆ ಗಂಟೆ ಹೋಯಿತು. ಹಾರಿದ್ದಕ್ಕಿಂತ ರಸ್ತೆಯಲ್ಲಿ ಕೂತದ್ದೇ ಜಾಸ್ತಿ. ಟಿಕೆಟ್ ಕೊಳ್ಳುವಾಗ ಯಾವ ನಿಲ್ದಾಣ ಅಂತ ಎರಡು ಸಲ ಓದಿ.

ವೀಸಾ ಮತ್ತು ಹಳದಿ ಜ್ವರದ ಲಸಿಕೆ

ಇದನ್ನು ದಾರಿಯ ಲೆಕ್ಕದಲ್ಲೇ ಸೇರಿಸಬೇಕು. ಉರುಗ್ವೆ ರಾಯಭಾರ ಕಚೇರಿ ದೆಹಲಿಯಲ್ಲಿದೆ, ನಾವು ಮೂರು ಸಲವೂ ಅಲ್ಲಿಂದಲೇ ವೀಸಾ ಮಾಡಿಸಿದ್ದು. ಎರಡು, ಮೂರು, ನಾಲ್ಕನೇ ದಾರಿಗಳಿಗೆ ಅರ್ಜೆಂಟೀನಾಗೂ ಅನುಮತಿ ಬೇಕು. ಅಮೆರಿಕದ ಪ್ರವಾಸಿ ವೀಸಾ ಇರುವ ಭಾರತೀಯರಿಗೆ ಅರ್ಜೆಂಟೀನಾ ಇದನ್ನು ಬಹಳ ಸುಲಭ ಮಾಡಿದೆ. ಇಲ್ಲದವರು ಪೂರ್ತಿ ಅರ್ಜಿ ಹಾಕಬೇಕು. ಬ್ಯೂನಸ್ ಐರಿಸ್‌ನಲ್ಲಿ ಇಳಿದು, ಉರುಗ್ವೆಗೆ ಹೋಗಿ, ಮತ್ತೆ ಬ್ಯೂನಸ್ ಐರಿಸ್‌ನಿಂದಲೇ ಹೊರಡುವವರು ಅರ್ಜೆಂಟೀನಾದೊಳಗೆ ಎರಡು ಸಲ ಕಾಲಿಡುತ್ತಾರೆ. ಒಂದೇ ಸಲದ ವೀಸಾ ಇದ್ದರೆ ನದಿಯ ಆಚೆಯೇ ಉಳಿದುಬಿಡುತ್ತೀರಿ. ಇದನ್ನು ಮರೆಯುವವರು ಬಹಳ.

ಇನ್ನೊಂದು, ಹಳದಿ ಜ್ವರ. ಆ ಜ್ವರ ಇರುವ ದೇಶಗಳು ಅಂತ ಭಾರತ ಒಂದು ಪಟ್ಟಿ ಇಟ್ಟಿದೆ. ಉರುಗ್ವೆ ಅದರಲ್ಲಿಲ್ಲ. ಅರ್ಜೆಂಟೀನಾ, ಬ್ರೆಜಿಲ್ ಎರಡೂ ಭಾರತದ ಪಟ್ಟಿಯಲ್ಲಿವೆ. ಅಲ್ಲಿಂದ ಬಂದ ಆರು ದಿನದೊಳಗೆ ಭಾರತಕ್ಕೆ ಇಳಿದರೆ ಲಸಿಕೆಯ ಪುಸ್ತಕ ಕೇಳುತ್ತಾರೆ, ಇಲ್ಲದಿದ್ದರೆ ಕ್ವಾರಂಟೈನ್. ಲಸಿಕೆ ಹಾಕಿಸಿ ಹತ್ತು ದಿನ ಆದ ಮೇಲಷ್ಟೇ ಅದು ಲೆಕ್ಕಕ್ಕೆ ಬರುತ್ತದೆ. ಒಂದು ಸಲ ಹಾಕಿಸಿದರೆ ಜೀವನಪೂರ್ತಿ ಸಾಕು, 2016ರಿಂದ ಹಾಗೆ ಆಗಿದೆ. ಎಲ್ಲ ಆಸ್ಪತ್ರೆಯಲ್ಲೂ ಹಾಕುವುದಿಲ್ಲ, ಸರ್ಕಾರ ಒಪ್ಪಿದ ಕೇಂದ್ರಗಳಲ್ಲಿ ಮಾತ್ರ. ಟಿಕೆಟ್ ಆದ ತಕ್ಷಣ ಮೊದಲು ಈ ಕೆಲಸ ಮುಗಿಸಿ.

ಅಮ್ಮನ ವಿಷಯದಲ್ಲಿ ಇದೇ ತೀರ್ಮಾನ ಮಾಡಿಸಿತು. ಅರವತ್ತು ದಾಟಿದವರಿಗೆ ಈ ಲಸಿಕೆಯನ್ನು ವೈದ್ಯರು ಯೋಚಿಸಿಯೇ ಕೊಡುತ್ತಾರೆ. ನಮ್ಮ ವೈದ್ಯರು ಬೇಡ ಅಂದರು. ದಾರಿಯ ವಿಮಾನ ನಿಲ್ದಾಣದಿಂದ ಹೊರಗೇ ಹೋಗದವರಿಗೆ ವಿನಾಯಿತಿ ಇದೆ, ಒಪ್ಪಬೇಕಾದವರು ನಮ್ಮ ನಿಲ್ದಾಣದ ಆರೋಗ್ಯಾಧಿಕಾರಿ. ಅದಕ್ಕೇ ಸಾವೊ ಪಾಲೊದ ಬೋರ್ಡಿಂಗ್ ಪಾಸ್‌ಗಳನ್ನೆಲ್ಲ ಎಸೆಯದೆ ಇಟ್ಟುಕೊಂಡು, ವೈದ್ಯರ ಪತ್ರದ ಜೊತೆ ತೋರಿಸಿದೆವು. ಫೆರಿಯ ದಾರಿಯಲ್ಲಿ ಈ ಅವಕಾಶವೇ ಇಲ್ಲ, ಬ್ಯೂನಸ್ ಐರಿಸ್‌ನೊಳಗೆ ಹೋಗಲೇಬೇಕು.

ಹಾಗಾಗಿ ನನ್ನ ಮಾತು ಇಷ್ಟು. ಹಿರಿಯರು, ಚಿಕ್ಕ ಮಕ್ಕಳು ಜೊತೆಗಿದ್ದರೆ ಕರ್ರಾಸ್ಕೋ, ಹಣ ಜಾಸ್ತಿಯಾದರೂ ಸರಿ. ಕೈಕಾಲು ಗಟ್ಟಿ ಇದ್ದು ಒಂದು ದಿನ ಹೆಚ್ಚಿಗೆ ಇದ್ದರೆ ಕೊಲೋನಿಯಾದಿಂದ ಒಳಗೆ ಬನ್ನಿ, ಕರ್ರಾಸ್ಕೋದಿಂದ ಹೊರಗೆ ಹೋಗಿ. ಹೋಗುವ ಊರು, ವಾಪಸ್ ಹೊರಡುವ ಊರು ಬೇರೆ ಬೇರೆ ಇರುವ ಟಿಕೆಟ್ ಸಿಗುತ್ತದೆ, ಕೇಳಿ ನೋಡಿ. ಅರ್ಜೆಂಟೀನಾಗೆ ಎರಡನೇ ಸಲ ಕಾಲಿಡುವ ತಾಪತ್ರಯವೂ ತಪ್ಪುತ್ತದೆ.

ಒಳಗೆ ಓಡಾಡಲು: ಬಸ್ಸಾ, ಕಾರಾ?

ರೈಲನ್ನು ಯೋಜನೆಯಲ್ಲೇ ಇಡಬೇಡಿ. ಊರಿಂದೂರಿಗೆ ಪ್ರಯಾಣಿಕರ ರೈಲು 1988ರಲ್ಲೇ ಬಹುತೇಕ ನಿಂತಿತು. ಉಳಿದದ್ದು ಬಸ್ಸು ಮತ್ತು ಕಾರು.

ಬಸ್ಸು ಅಂದರೆ ಮೊಂಟೆವಿಡಿಯೋದ ತ್ರೆಸ್ ಕ್ರೂಸೆಸ್ ನಿಲ್ದಾಣ. ಎಲ್ಲ ಕಂಪನಿಗಳ ಕೌಂಟರೂ ಒಂದೇ ಸೂರಿನಡಿ, ಮೇಲೆ ಅಂಗಡಿ ಮಳಿಗೆ. ಯಾವ ಊರಿಗೆ ಯಾವಾಗ ಬಸ್ಸು ಅಂತ ನಿಲ್ದಾಣದ ವೆಬ್‌ಸೈಟಿನಲ್ಲೇ ಎಲ್ಲ ಕಂಪನಿಗಳದ್ದೂ ಒಟ್ಟಿಗೆ ಸಿಗುತ್ತದೆ. ಹೇಳಿದ ನಿಮಿಷಕ್ಕೆ ಹೊರಡುತ್ತವೆ. ಸೀಟು ನಂಬರ್ ಇರುತ್ತದೆ. ಪುಂತಾ ದೆಲ್ ಎಸ್ತೆಗೆ ಎರಡು ಗಂಟೆ ಸುಮಾರು, ಬಿಸಿನೀರಿನ ಬುಗ್ಗೆಗಳಿರುವ ಸಾಲ್ತೋಗೆ ಆರು ಗಂಟೆ ಮೇಲೆ. ಪಕ್ಕದ ಸೀಟಿನವರು ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕ್ ಇಟ್ಟುಕೊಂಡು ಮಾತೇ ಅನ್ನುವ ಸೊಪ್ಪಿನ ಕಷಾಯ ಹೀರುತ್ತಿರುತ್ತಾರೆ. ಇಂಗ್ಲಿಷ್ ಕಡಿಮೆ. ನಾಲ್ಕು ಮಾತು ಕಲಿತಿರಿ: ಟಿಕೆಟ್ಟಿಗೆ ಪಸಾಹೆ, ಬಸ್ಸಿಗೆ ಓಮ್ನಿಬೂಸ್, ಪ್ಲಾಟ್‌ಫಾರಂಗೆ ಅಂದೇನ್, ಹೋಗಿ ಬರುವುದಕ್ಕೆ ಈದಾ ಇ ಬ್ವೆಲ್ತಾ. ಸ್ಪೇನಿನವರು "ಪ್ಲಾಯಾ" ಅನ್ನುವ ಕಡಲತೀರ ಇವರ ಬಾಯಲ್ಲಿ "ಪ್ಲಾಶಾ". ಇದು ಗೊತ್ತಿಲ್ಲದೆ ಕಲಿತ ಸ್ಪ್ಯಾನಿಷ್ ಮೊದಲ ದಿನ ನನಗೆ ಉಪಯೋಗಕ್ಕೇ ಬರಲಿಲ್ಲ.

ಈಸ್ಟರ್ ಮುಂಚಿನ ವಾರ ಮಾತ್ರ ಎಚ್ಚರ. ಧರ್ಮ, ಸರ್ಕಾರ ಬೇರೆ ಅಂತ ಗಟ್ಟಿಯಾಗಿ ಹಿಡಿದ ದೇಶ ಅದು, ಆ ವಾರಕ್ಕೆ ಅಧಿಕೃತ ಹೆಸರೇ ಪ್ರವಾಸದ ವಾರ. ಹೆಸರಿಗೆ ತಕ್ಕ ಹಾಗೆ ಇಡೀ ದೇಶ ರಸ್ತೆಯಲ್ಲಿರುತ್ತದೆ. ಜನವರಿಯಲ್ಲೂ ಹಾಗೇ.

ಕಾರನ್ನು ಯಜಮಾನರ ಜೊತೆ ಹೋದಾಗ ನಾಲ್ಕು ದಿನ ಬಾಡಿಗೆಗೆ ತೆಗೆದುಕೊಂಡೆವು. ಬಲಬದಿಯಲ್ಲಿ ಓಡಿಸಬೇಕು, ಹಗಲಲ್ಲೂ ದೀಪ ಹಾಕಿರಬೇಕು, ಕುಡಿದು ಓಡಿಸುವುದಕ್ಕೆ 2016ರಿಂದ ಮಿತಿ ಸೊನ್ನೆ, ಒಂದು ಗುಟುಕೂ ಇಲ್ಲ. ಘಾಟಿ ಅನ್ನುವುದೇ ಇಲ್ಲ. ಇಡೀ ದೇಶದ ಅತಿ ಎತ್ತರದ ಜಾಗ 514 ಮೀಟರ್, ನಮ್ಮ ಬೆಂಗಳೂರು 900 ಮೀಟರ್ ಮೇಲಿದೆ! ಹಾಗಾಗಿ ಓಡಿಸುವುದು ಸುಲಭ. ಆದರೆ ಪೆಟ್ರೋಲ್ ದುಬಾರಿ. ಟೋಲ್‌ಗೆ ನಮ್ಮ ಫಾಸ್ಟ್ಯಾಗ್ ತರಹದ್ದು ಕಾರಿನಲ್ಲೇ ಅಂಟಿಸಿರುತ್ತಾರೆ, ಬಾಡಿಗೆ ಕೊಡುವಾಗಲೇ ಕೇಳಿ ನೋಡಿಕೊಳ್ಳಿ. ಇಬ್ಬರಿಗೆ ಬಸ್ಸಿಗಿಂತ ಕಾರು ಬಹಳ ದುಬಾರಿಯಾಯಿತು. ನಾಲ್ಕು ಜನ ಇದ್ದರೆ ಹತ್ತಿರ ಹತ್ತಿರ ಸರಿಹೋಗುತ್ತಿತ್ತು.

ಕೊಲೋನಿಯಾ, ಸಾಲ್ತೋ, ಪುಂತಾ ದೆಲ್ ಎಸ್ತೆ ಇಷ್ಟೇ ಆದರೆ ಬಸ್ಸೇ ಸಾಕು, ಕಾರು ದಂಡ. ರೋಚಾ ಜಿಲ್ಲೆಯ ಕಡಲಂಚಿಗೆ ಹೋಗುವುದಾದರೆ ಮಾತ್ರ ಕಾರಿಗೆ ಅರ್ಥವಿದೆ. ಅಲ್ಲಿ ಊರುಗಳು ಚಿಕ್ಕವು, ಬೇಸಿಗೆ ಬಿಟ್ಟರೆ ಬಸ್ಸು ವಿರಳ. ಪುಂತಾ ದೆಲ್ ಎಸ್ತೆಯಿಂದ ಆ ಕಡೆ ಹೋಗುವ ದಾರಿಯಲ್ಲಿ ಗಾರ್ಸೋನ್ ಹಿನ್ನೀರಿನ ಮೇಲೆ ಒಂದು ಸೇತುವೆ ಇದೆ, 2015ರದ್ದು, ಅದೂ ವಿನ್ಯೋಲಿಯದೇ. ಉಂಗುರದ ಹಾಗೆ ದುಂಡಗಿದೆ. ಹೋಗುವವರು ಅರ್ಧ ಸುತ್ತು, ಬರುವವರು ಇನ್ನರ್ಧ. ವೇಗ ತಾನಾಗಿಯೇ ಇಳಿಯುತ್ತದೆ, ನೀರು ನೋಡಿಕೊಂಡು ಹೋಗುತ್ತೀರಿ. ಮೊದಲು ಅಲ್ಲಿ ಕಾರುಗಳನ್ನು ತೆಪ್ಪದ ಮೇಲೆ ದಾಟಿಸುತ್ತಿದ್ದರಂತೆ. ನಾವು ಕಾರು ನಿಲ್ಲಿಸಿ ಆ ಉಂಗುರವನ್ನು ನಡೆದೇ ಒಂದು ಸುತ್ತು ಹಾಕಿದೆವು.

ರೋಚಾ ಕಡಲಂಚಿನಲ್ಲೇ ಇರುವ ಪುಟ್ಟ ಊರು ಕಾಬೊ ಪೊಲೋನಿಯೊಗೆ ಹೋಗುವ ಆಸೆ ಇದ್ದರೆ ಈ ವಾದ ಯಾವುದೂ ನಡೆಯುವುದಿಲ್ಲ. ಅಲ್ಲಿಗೆ ರಸ್ತೆಯೇ ಇಲ್ಲ. ಹೆದ್ದಾರಿ ಪಕ್ಕದ ನಿಲ್ದಾಣದಲ್ಲಿ ಕಾರಿನವರು ಕಾರು ಬಿಡಬೇಕು, ಬಸ್ಸಿನವರು ಬಸ್ಸಿಳಿಯಬೇಕು, ಆಮೇಲೆ ಇಬ್ಬರೂ ಒಂದೇ ದೊಡ್ಡ ಚಕ್ರದ ಲಾರಿ ಹತ್ತಿ ಏಳು ಕಿಲೋಮೀಟರ್ ಮರಳಿನ ದಿಬ್ಬಗಳ ಮೇಲೆ ಅರ್ಧ ಗಂಟೆ ಕುಲುಕಾಡಿಕೊಂಡು ಹೋಗಬೇಕು. ಊರಿಗೆ ವಿದ್ಯುತ್ ತಂತಿ ಇಲ್ಲ, ದೀಪಸ್ತಂಭಕ್ಕೆ ಮಾತ್ರ ಇದೆ. ಟಾರ್ಚ್, ನಗದು, ತೆಳ್ಳನೆಯ ಒಂದು ಚೀಲ ಇಷ್ಟೇ ಒಯ್ಯಿರಿ, ಸೂಟ್‌ಕೇಸನ್ನು ಕಾರಿನಲ್ಲೋ ತ್ರೆಸ್ ಕ್ರೂಸೆಸ್‌ನಲ್ಲೋ ಬಿಡಿ. ಕೊನೆಯ ಲಾರಿ ಎಷ್ಟು ಗಂಟೆಗೆ ಅಂತ ಹತ್ತುವ ಮುಂಚೆಯೇ ಕೇಳಿಕೊಳ್ಳಿ, ಬೇಸಿಗೆಗೂ ಚಳಿಗಾಲಕ್ಕೂ ಬೇರೆ ಇರುತ್ತದೆ. ಮೇಲಿನ ಸಾಲಿನಲ್ಲಿ ಸೀಟು ಸಿಕ್ಕರೆ ಬಿಡಬೇಡಿ, ಟೋಪಿ ಮಾತ್ರ ಕೈಯಲ್ಲಿ ಹಿಡಿದುಕೊಳ್ಳಿ.